‘ಸೇ’, ‘ಟೆಲ್’, ‘ಸ್ಪೀಕ್’, ‘ಟಾಕ್’: ‘ಹೇಳು’ ಅನ್ನೋಕೆ ಇಂಗ್ಲಿಷ್‌ನಲ್ಲಿ ಯಾವುದನ್ನ ಎಲ್ಲಿ ಹಾಕಬೇಕು?

‘ಹಿ ಟೋಲ್ಡ್ ಟು ಮಿ.’ ‘ಶಿ ಸೆಡ್ ಮಿ.’ ‘ಐ ಟೋಲ್ಡ್ ದಟ್ ಐ ವಿಲ್ ಕಮ್.’ ಈ ಮೂರೂ ತಪ್ಪು. ಕನ್ನಡ ಮಾಧ್ಯಮದಲ್ಲಿ ಓದಿದವರೂ ಇದನ್ನು ಬರೆಯುತ್ತಾರೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಹತ್ತು ವರ್ಷ ಆಫೀಸಿನಲ್ಲಿ ಮೇಲ್ ಕಳಿಸಿದವರೂ ಬರೆಯುತ್ತಾರೆ. ಸ್ಪೆಲಿಂಗ್ ಸರಿಯಾಗಿಯೇ ಇರುವುದರಿಂದ ಸ್ಪೆಲ್‌ಚೆಕ್ ಕೆಂಪು ಗೆರೆ ಹಾಕುವುದಿಲ್ಲ. ಎದುರಿಗಿದ್ದವರಿಗೂ ಅರ್ಥವಾಗುತ್ತದೆ, ಅವರೂ ಸುಮ್ನಿರುತ್ತಾರೆ. ಹಾಗಾಗಿ ತಪ್ಪು ವರ್ಷಗಟ್ಟಲೆ ಉಳಿದುಬಿಡುತ್ತದೆ.

ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಇಂಗ್ಲಿಷ್-ಕನ್ನಡ ನಿಘಂಟು ತೆಗೆದರೆ ಈ ನಾಲ್ಕು ಪದಗಳಿಗೂ ‘ಹೇಳು’, ‘ಮಾತಾಡು’, ‘ನುಡಿ’ ಅಂತಲೇ ಇರುತ್ತದೆ. ಅರ್ಥ ಒಂದೇ ಅಲ್ವಾ ಅಂದುಕೊಂಡು ನಾಲಿಗೆಗೆ ಮೊದಲು ಬಂದದ್ದನ್ನು ಹಾಕುತ್ತೇವೆ. ಇಲ್ಲಿ ಅರ್ಥ ನೋಡಿ ಆರಿಸಿದರೆ ಕೆಲಸ ಆಗುವುದಿಲ್ಲ. ಆ ಪದದ ಬಲಗಡೆ ಏನು ಬಂದು ಕೂರುತ್ತದೆ ಅನ್ನುವುದನ್ನು ನೋಡಿ ಆರಿಸಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲೆರಡು ಹಂತ ಬಿಟ್ಟು ನೇರವಾಗಿ ಪಟ್ಟಿ ಬಾಯಿಪಾಠ ಮಾಡಲು ಹೋದವರೇ ಮತ್ತೆ ಮತ್ತೆ ತಪ್ಪುವುದು.

## ಮೊದಲು ಕೈಯಲ್ಲಿರಬೇಕಾದವು

ಕಲಿಯುವವರಿಗಾಗಿಯೇ ಮಾಡಿದ ಒಂದು ಇಂಗ್ಲಿಷ್-ಇಂಗ್ಲಿಷ್ ನಿಘಂಟು ಬೇಕು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರೂ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಯಾವುದಾದರೂ ಒಂದು ಸಾಕು. ಆಕ್ಸ್‌ಫರ್ಡ್‌ನ ಕಲಿಕೆಯ ನಿಘಂಟಿನಲ್ಲಿ ‘ಟೆಲ್’ ಪದದ ಜೊತೆ ‘ಸಮ್‌ಬಡಿ’, ‘ಸಮ್‌ಥಿಂಗ್’ ಅಥವಾ ಅವುಗಳ ಮೊಟಕು ರೂಪವಾದ ‘ಎಸ್‌ಬಿ’ (sb), ‘ಎಸ್‌ಟಿಎಚ್’ (sth) ಅನ್ನುವ ಸಣ್ಣ ಗುರುತುಗಳಿರುತ್ತವೆ. ‘ಎಸ್‌ಬಿ’ ಅಂದರೆ ‘ಯಾರೋ ಒಬ್ಬರು’, ‘ಎಸ್‌ಟಿಎಚ್’ ಅಂದರೆ ‘ಯಾವುದೋ ಒಂದು ವಿಷಯ’. ಬಹಳ ಜನ ಇವನ್ನು ದಾಟಿ ಅರ್ಥಕ್ಕೆ ಹೋಗುತ್ತಾರೆ. ನಮಗೆ ಬೇಕಾದದ್ದು ಇರುವುದೇ ಆ ಗುರುತಿನಲ್ಲಿ.

ಇನ್ನೊಂದು, ನೀವೇ ಕಳಿಸಿದ ಹಳೆಯ ಮೇಲ್‌ಗಳು ಅಥವಾ ವಾಟ್ಸಾಪ್ ಸಂದೇಶಗಳು. ಕೊನೆಯ ಹಂತದಲ್ಲಿ ಅವು ಬೇಕಾಗುತ್ತವೆ.

ಸಮಾನಾರ್ಥಕ ಪದಗಳ ಕೋಶ ಬೇಡ. ಅದರಲ್ಲಿ ‘ಟೆಲ್’ ಪಕ್ಕದಲ್ಲೇ ‘ಎಕ್ಸ್‌ಪ್ಲೇನ್’, ‘ಇನ್‌ಫಾರ್ಮ್’, ‘ಮೆನ್ಷನ್’ ಎಲ್ಲವೂ ಸಾಲಾಗಿ ನಿಂತಿರುತ್ತವೆ, ಒಂದನ್ನು ತೆಗೆದು ಇನ್ನೊಂದನ್ನು ಇಡಬಹುದು ಅನ್ನಿಸುತ್ತದೆ. ಹಾಗೆ ಇಟ್ಟರೆ ಏನಾಗುತ್ತದೆ ಅಂತ ಹಂತ 6ರಲ್ಲಿ ನೋಡೋಣ.

## ಹಂತ 1: ಕನ್ನಡದ ‘ಹೇಳು’ ನಿಜವಾಗಿ ಏನು ಮಾಡುತ್ತಿದೆ ನೋಡಿ

ಇಂಗ್ಲಿಷ್‌ಗೆ ಹೋಗುವ ಮೊದಲು ಕನ್ನಡದಲ್ಲೇ ಒಂದು ಕ್ಷಣ ನಿಲ್ಲಿ. ನಮ್ಮ ‘ಹೇಳು’ ಹೊರುವ ಭಾರ ಬಹಳ ಜಾಸ್ತಿ. ಅದು ಬಂದ ಕಡೆಯಲ್ಲೆಲ್ಲ ‘ಟೆಲ್’ ಹಾಕುವ ಹಾಗಿಲ್ಲ.

‘ಹಾಡು ಹೇಳು’ ಅಂದರೆ ‘ಸಿಂಗ್’. ‘ಶ್ಲೋಕ ಹೇಳು’ ಅಂದರೆ ‘ರಿಸೈಟ್’. ‘ಪಾಠ ಹೇಳಿಕೊಡು’ ಅಂದರೆ ‘ಟೀಚ್’. ‘ಬುದ್ಧಿ ಹೇಳು’ ಅಂದರೆ ‘ಅಡ್ವೈಸ್’. ‘ಸಮಾಧಾನ ಹೇಳು’ ಅಂದರೆ ‘ಕನ್ಸೋಲ್’. ಕೋರ್ಟಿನಲ್ಲಿ ‘ಸಾಕ್ಷಿ ಹೇಳು’ ಅಂದರೆ ‘ಗಿವ್ ಎವಿಡೆನ್ಸ್’. ಇವುಗಳಲ್ಲಿ ‘ಸೇ’ ಆಗಲಿ ‘ಟೆಲ್’ ಆಗಲಿ ಬರುವುದೇ ಇಲ್ಲ. ‘ಮೈ ಗ್ರ್ಯಾಂಡ್‌ಮದರ್ ಟೋಲ್ಡ್ ಎ ಸಾಂಗ್’ ಅಂದರೆ ಕೇಳಿದವರಿಗೆ ಅಜ್ಜಿ ಹಾಡಿದ್ದು ಗೊತ್ತಾಗುವುದಿಲ್ಲ.

ಫೋನ್ ಎತ್ತಿದ ಕೂಡಲೇ ನಾವು ‘ಹಾಂ, ಹೇಳಿ’ ಅನ್ನುತ್ತೇವೆ. ಅದನ್ನೇ ‘ಯಾ, ಟೆಲ್ ಮಿ’ ಮಾಡಿಬಿಡುತ್ತೇವೆ. ಬೆಂಗಳೂರಿನ ಆಫೀಸಿನಲ್ಲಿ ಇದು ನಡೆಯುತ್ತದೆ. ಆದರೆ ಲಂಡನ್ನಿನಿಂದ ಫೋನ್ ಮಾಡಿದವರಿಗೆ, ಏನನ್ನು ಹೇಳಬೇಕು ಅಂತ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಅಲ್ಲಿ ‘ಎಸ್, ಗೋ ಅಹೆಡ್’ ಅಥವಾ ‘ಹೌ ಕ್ಯಾನ್ ಐ ಹೆಲ್ಪ್?’ ಸಾಕು. ಹಾಗೆಯೇ ‘ನಾಳೆ ಹೇಳ್ತೀನಿ’ ಅನ್ನುವುದಕ್ಕೆ ‘ಐ ವಿಲ್ ಟೆಲ್ ಟುಮಾರೊ’ ಸರಿಯಲ್ಲ. ‘ಐ ವಿಲ್ ಲೆಟ್ ಯು ನೋ ಟುಮಾರೊ’ ಅನ್ನುವುದೇ ಸಹಜ.

ಈಗ ಉಳಿದ ವಾಕ್ಯಗಳನ್ನು ಎರಡು ರಾಶಿ ಮಾಡಿ. ಕನ್ನಡದಲ್ಲಿ ‘ಅಂತ’ ಅಥವಾ ‘ಎಂದು’ ಇದ್ದರೆ, ಅಥವಾ ಹೇಳಿದ ವಿಷಯ ಏನು ಅಂತ ವಾಕ್ಯದಲ್ಲೇ ಇದ್ದರೆ, ಅದು ‘ಸೇ’ ಅಥವಾ ‘ಟೆಲ್’ ರಾಶಿ. ‘ಜೊತೆ ಮಾತಾಡಿದೆ’, ‘ಬಗ್ಗೆ ಮಾತಾಡಿದೆ’ ಅಂತಿದ್ದರೆ ಅದು ‘ಸ್ಪೀಕ್’ ಅಥವಾ ‘ಟಾಕ್’ ರಾಶಿ. ‘ಹಿ ಸ್ಪೋಕ್ ದಟ್ ಹಿ ಈಸ್ ಬಿಜಿ’ ಅಂತ ಎಂದೂ ಬರೆಯಬೇಡಿ. ‘ಸ್ಪೀಕ್’, ‘ಟಾಕ್’ ಎರಡೂ ‘ದಟ್’ ಜೊತೆ ಹೋಗುವುದಿಲ್ಲ.

## ಹಂತ 2: ಕೇಳಿಸಿಕೊಂಡವರು ವಾಕ್ಯದಲ್ಲಿ ಇದ್ದಾರಾ?

ಇದೊಂದು ಹಂತ ಗಟ್ಟಿಯಾದರೆ ಮುಕ್ಕಾಲು ಪಾಲು ತಪ್ಪು ಹೋಗುತ್ತದೆ.

ಯಾರಿಗೆ ಹೇಳಿದ್ದು ಅನ್ನುವುದು ವಾಕ್ಯದಲ್ಲಿದ್ದರೆ ‘ಟೆಲ್’. ಇಲ್ಲದಿದ್ದರೆ ‘ಸೇ’. ‘ತಲೆನೋವು ಅಂತ ಅವಳು ನನಗೆ ಹೇಳಿದಳು’: ‘ಶಿ ಟೋಲ್ಡ್ ಮಿ ದಟ್ ಶಿ ಹ್ಯಾಡ್ ಎ ಹೆಡೇಕ್.’ ‘ತಲೆನೋವು ಅಂತ ಅವಳು ಹೇಳಿದಳು’: ‘ಶಿ ಸೆಡ್ ದಟ್ ಶಿ ಹ್ಯಾಡ್ ಎ ಹೆಡೇಕ್.’ ಎರಡಕ್ಕೂ ಇರುವ ವ್ಯತ್ಯಾಸ ‘ಮಿ’ ಒಂದೇ.

ತಪ್ಪು ಎಲ್ಲಿಂದ ಬರುತ್ತದೆ ನೋಡಿ. ಕನ್ನಡದಲ್ಲಿ ‘ನನಗೆ’ ಅನ್ನುವಾಗ ‘ಗೆ’ ಇದೆ. ಆ ‘ಗೆ’ ಮನಸ್ಸಿನಲ್ಲಿ ‘ಟು’ ಆಗಿ ಬಂದು ಕೂರುತ್ತದೆ, ‘ಟೋಲ್ಡ್ ಟು ಮಿ’ ಹುಟ್ಟುತ್ತದೆ. ಇನ್ನು ಕೆಲವರು ‘ನನ್ನ ಹತ್ರ ಹೇಳಿದ’ ಅನ್ನುವುದನ್ನು ‘ಟೋಲ್ಡ್ ವಿತ್ ಮಿ’ ಮಾಡುತ್ತಾರೆ. ‘ಟೆಲ್’ ಆದಮೇಲೆ ಮನುಷ್ಯ ನೇರವಾಗಿ ಬರುತ್ತಾನೆ, ನಡುವೆ ಏನೂ ಬೇಡ: ‘ಟೆಲ್ ಮಿ’, ‘ಟೆಲ್ ದ ಡಾಕ್ಟರ್’, ‘ಟೆಲ್ ಯುವರ್ ಫಾದರ್’.

‘ಸೇ’ ಇದಕ್ಕೆ ಉಲ್ಟಾ. ಅದರ ಪಕ್ಕದಲ್ಲಿ ಮೊದಲು ಬರುವುದು ಹೇಳಿದ ಮಾತು. ಮನುಷ್ಯನನ್ನು ತರಲೇಬೇಕು ಅಂದರೆ ‘ಟು’ ಹಾಕಿ ತರಬೇಕು: ‘ವಾಟ್ ಡಿಡ್ ಹಿ ಸೇ ಟು ಯು?’, ‘ಶಿ ಸೆಡ್ ನಥಿಂಗ್ ಟು ಮಿ.’ ನಿಘಂಟಿನ ಗುರುತುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ‘ಟೆಲ್’ ಪಕ್ಕ ಮೊದಲು ‘ಎಸ್‌ಬಿ’, ಆಮೇಲೆ ‘ಎಸ್‌ಟಿಎಚ್’. ‘ಸೇ’ ಪಕ್ಕ ಮೊದಲು ‘ಎಸ್‌ಟಿಎಚ್’, ಆಮೇಲೆ ‘ಟು ಎಸ್‌ಬಿ’.

ಒಂದು ಎಚ್ಚರಿಕೆ. ‘ಟೋಲ್ಡ್ ಟು’ ಕಂಡಲ್ಲೆಲ್ಲ ಹೊಡೆದು ಹಾಕಬೇಡಿ. ‘ಹಿ ಟೋಲ್ಡ್ ದ ಸ್ಟೋರಿ ಟು ಎವ್ರಿವನ್’ ಸರಿ, ಯಾಕೆಂದರೆ ವಿಷಯ ಮೊದಲು ಬಂದು ಮನುಷ್ಯರು ಹಿಂದೆ ಹೋಗಿದ್ದಾರೆ. ‘ಐ ವಾಸ್ ಟೋಲ್ಡ್ ಟು ವೇಟ್’ ಕೂಡ ಸರಿ. ಕಾಯಲು ನನಗೆ ಹೇಳಿದರು ಅಂತ ಅರ್ಥ. ಅಲ್ಲಿ ‘ಟು’ ಸೇರಿರುವುದು ‘ವೇಟ್’ಗೆ. ‘ಐ ವಾಸ್ ಟೋಲ್ಡ್ ದಟ್ ದ ಬಸ್ ಹ್ಯಾಡ್ ಲೆಫ್ಟ್’ ಕೂಡ ಸರಿಯೇ, ಕೇಳಿಸಿಕೊಂಡವನು ‘ಐ’ ಆಗಿ ಮುಂದೆ ಬಂದು ನಿಂತಿದ್ದಾನೆ. ಆದರೆ ‘ಐ ವಾಸ್ ಸೆಡ್’ ಅನ್ನುವುದು ಇಂಗ್ಲಿಷ್‌ನಲ್ಲಿ ಇಲ್ಲವೇ ಇಲ್ಲ.

## ಹಂತ 3: ಅಪ್ಪಣೆಯಾ, ಕೋರಿಕೆಯಾ?

‘ಅವರಿಗೆ ಬರೋಕೆ ಹೇಳಿ.’ ಕನ್ನಡದಲ್ಲಿ ಇದು ಅಪ್ಪಣೆಯೂ ಆಗಬಹುದು, ವಿನಂತಿಯೂ ಆಗಬಹುದು. ಧ್ವನಿಯಲ್ಲಿ, ‘ಅವರಿಗೆ’ ಅನ್ನುವ ಬಹುವಚನದಲ್ಲಿ ಮರ್ಯಾದೆ ಸೇರಿಕೊಂಡಿರುತ್ತದೆ. ಇಂಗ್ಲಿಷ್‌ನಲ್ಲಿ ‘ಟೆಲ್ ಹಿಮ್ ಟು ಕಮ್’ ಅಂದರೆ ಅದು ಅಪ್ಪಣೆ. ‘ಆಸ್ಕ್ ಹಿಮ್ ಟು ಕಮ್’ ಅಂದರೆ ಕೋರಿಕೆ.

ಹಾಗಾಗಿ ‘ಪ್ಲೀಸ್ ಟೆಲ್ ದ ಮ್ಯಾನೇಜರ್ ಟು ಕಾಲ್ ಮಿ’ ಅಂತ ಬರೆದರೆ ವ್ಯಾಕರಣ ಸರಿ, ಮರ್ಯಾದೆ ತಪ್ಪು. ‘ಪ್ಲೀಸ್’ ಇದ್ದರೂ ಅದು ಮೇಲ್ ಓದುವವರಿಗೆ ಹೋಯಿತೇ ಹೊರತು ಮ್ಯಾನೇಜರ್‌ಗಲ್ಲ. ‘ಕುಡ್ ಯು ಆಸ್ಕ್ ದ ಮ್ಯಾನೇಜರ್ ಟು ಕಾಲ್ ಮಿ?’ ಅನ್ನಿ. ಹಿರಿಯರು, ಗ್ರಾಹಕರು, ಮೇಲಧಿಕಾರಿಗಳು ಇದ್ದಲ್ಲಿ ‘ಆಸ್ಕ್’ ಹಾಕಿದರೆ ಕೆಡುವುದಿಲ್ಲ. ಮಗನಿಗೆ ಹೋಮ್‌ವರ್ಕ್ ಮುಗಿಸು ಅಂತ ಹೇಳಲು ‘ಟೆಲ್’ ಧಾರಾಳವಾಗಿ ಸಾಕು.

‘ಆಸ್ಕ್’ ಪಕ್ಕದಲ್ಲೂ ಮನುಷ್ಯ ನೇರವಾಗಿಯೇ ಬರುತ್ತಾನೆ. ‘ಆಸ್ಕ್ ಟು ಹಿಮ್’ ಬೇಡ.

## ಹಂತ 4: ‘ಅಂತ’ ಬಿಚ್ಚುವುದು

ಎಲ್ಲಕ್ಕಿಂತ ಜಾಸ್ತಿ ಜನ ಕೈಬಿಡುವ ಹಂತ ಇದು. ಪದ ಸರಿಯಾಗಿ ಆರಿಸಿ, ಆಮೇಲಿನ ವಾಕ್ಯದಲ್ಲಿ ಬೀಳುತ್ತಾರೆ.

‘ನಾನು ನಾಳೆ ಬರ್ತೀನಿ ಅಂತ ರವಿ ಹೇಳಿದ.’ ಕನ್ನಡದಲ್ಲಿ ‘ಅಂತ’ ಅವನ ಮಾತನ್ನು ಹಾಗೆಯೇ ಎತ್ತಿಕೊಂಡು ಬರುತ್ತದೆ. ‘ನಾನು’ ಅಂದರೆ ರವಿ ಅಂತ ನಮಗೆ ಅನುಮಾನವೇ ಬರುವುದಿಲ್ಲ. ಇಂಗ್ಲಿಷ್‌ನಲ್ಲಿ ‘ರವಿ ಸೆಡ್ ದಟ್ ಐ ವಿಲ್ ಕಮ್ ಟುಮಾರೊ’ ಅಂದರೆ ಬರುವವರು ನೀವು, ರವಿ ಅಲ್ಲ! ಮೀಟಿಂಗ್ ವಿಷಯವಾಗಿದ್ದರೆ ಇದು ಬರೀ ವ್ಯಾಕರಣದ ತಪ್ಪಾಗಿ ಉಳಿಯುವುದಿಲ್ಲ.

ಬದಲಾಯಿಸುವ ಕ್ರಮ ಹೀಗಿರಲಿ:

1. ಮೊದಲು ಆಳು. ‘ನಾನು’ ಯಾರು? ರವಿ. ಹಾಗಾದರೆ ‘ಹಿ’.
2. ಆಮೇಲೆ ಕಾಲ. ‘ಸೆಡ್’, ‘ಟೋಲ್ಡ್’ ಹಿಂದಿನದ್ದಾದರೆ ಒಳಗಿನ ಕ್ರಿಯೆಯೂ ಸಾಮಾನ್ಯವಾಗಿ ಒಂದು ಮೆಟ್ಟಿಲು ಹಿಂದೆ ಹೋಗುತ್ತದೆ. ‘ವಿಲ್’ ‘ವುಡ್’ ಆಗುತ್ತದೆ, ‘ಈಸ್’ ‘ವಾಸ್’ ಆಗುತ್ತದೆ, ‘ಕ್ಯಾನ್’ ‘ಕುಡ್’ ಆಗುತ್ತದೆ.
3. ಕೊನೆಗೆ ದಿನ. ಆ ನಾಳೆ ಇನ್ನೂ ಬರಬೇಕಾಗಿದ್ದರೆ ‘ಟುಮಾರೊ’ ಹಾಗೆಯೇ ಇರಲಿ. ಕಳೆದುಹೋಗಿದ್ದರೆ ‘ದ ನೆಕ್ಸ್ಟ್ ಡೇ’.

ಈಗ ಬಂತು: ‘ರವಿ ಸೆಡ್ ದಟ್ ಹಿ ವುಡ್ ಕಮ್ ಟುಮಾರೊ.’ ಹೇಳಿದ ಸಂಗತಿ ಇವತ್ತಿಗೂ ನಿಜವೇ ಆಗಿದ್ದರೆ ಕಾಲ ಬದಲಾಯಿಸದೆ ಬಿಡಬಹುದು. ‘ಹಿ ಸೆಡ್ ಹಿ ಲಿವ್ಸ್ ಇನ್ ಮೈಸೂರು’ ತಪ್ಪಲ್ಲ. ಹೈಸ್ಕೂಲಿನ ಪರೀಕ್ಷೆಯಲ್ಲಿ ಮಾತ್ರ ‘ಲಿವ್ಡ್’ ಅಂತಲೇ ಬರೆಯಿರಿ, ಅಂಕ ಯಾಕೆ ಕಳೆದುಕೊಳ್ಳುತ್ತೀರಿ.

ಪ್ರಶ್ನೆ ಬಂದರೆ ಇನ್ನೊಂದು ಗುಂಡಿ ಇದೆ. ‘ಎಲ್ಲಿದ್ದೀಯ ಅಂತ ಅಮ್ಮ ಕೇಳಿದರು’ ಅನ್ನುವುದನ್ನು ‘ಆಸ್ಕ್ಡ್ ದಟ್ ವೇರ್ ಆರ್ ಯು’ ಮಾಡುತ್ತೇವೆ. ‘ಅಂತ’ ಇದ್ದಲ್ಲೆಲ್ಲ ‘ದಟ್’ ಬರುವುದಿಲ್ಲ. ಪ್ರಶ್ನೆಯ ಪದ ಇದ್ದಾಗ ‘ದಟ್’ ಬೇಡ, ಪದಗಳ ಸಾಲೂ ಪ್ರಶ್ನೆಯ ಹಾಗೆ ತಿರುಗಬಾರದು: ‘ಮೈ ಮದರ್ ಆಸ್ಕ್ಡ್ ಮಿ ವೇರ್ ಐ ವಾಸ್.’ ‘ಬರ್ತೀಯಾ ಅಂತ ಕೇಳಿದರು’ ಅನ್ನುವ ಹೌದು-ಇಲ್ಲ ಪ್ರಶ್ನೆಗೆ ‘ಇಫ್’ ಹಾಕಿ: ‘ಶಿ ಆಸ್ಕ್ಡ್ ಮಿ ಇಫ್ ಐ ವುಡ್ ಕಮ್.’

## ಹಂತ 5: ಗಂಟು ಹಾಕಿಕೊಂಡಿರುವ ಜೋಡಿಗಳು

ಕೆಲವು ಕಡೆ ಹಂತ 2ರ ನಿಯಮ ನಡೆಯುವುದಿಲ್ಲ. ಕೇಳುಗರು ಇಲ್ಲದಿದ್ದರೂ ‘ಟೆಲ್’ ಬರುತ್ತದೆ. ‘ಟೆಲ್ ದ ಟ್ರೂತ್’, ‘ಟೆಲ್ ಎ ಲೈ’, ‘ಟೆಲ್ ಎ ಸ್ಟೋರಿ’, ‘ಟೆಲ್ ಎ ಜೋಕ್’, ‘ಟೆಲ್ ದ ಟೈಮ್’, ‘ಟೆಲ್ ದ ಡಿಫರೆನ್ಸ್’. ‘ಸೇ ಎ ಲೈ’ ಅಂತ ಯಾರೂ ಅನ್ನುವುದಿಲ್ಲ. ಇವನ್ನು ಬಾಯಿಪಾಠ ಮಾಡಿದರೂ ನಷ್ಟವಿಲ್ಲ.

‘ಸೇ’ ಕಡೆ ಇರುವವು: ‘ಸೇ ಎಸ್’, ‘ಸೇ ನೋ’, ‘ಸೇ ಹಲೋ’, ‘ಸೇ ಸಾರಿ’, ‘ಸೇ ಎ ಪ್ರೇಯರ್’, ‘ಸೇ ಸಮ್‌ಥಿಂಗ್’. ‘ಟೆಲ್ ಥ್ಯಾಂಕ್ಸ್ ಟು ಆಂಟಿ’ ಅಂತ ಮಕ್ಕಳಿಗೆ ಕಲಿಸುವುದನ್ನು ಎಲ್ಲ ಕಡೆ ಕೇಳುತ್ತೇವೆ. ಆಗಬೇಕಾದದ್ದು ‘ಸೇ ಥ್ಯಾಂಕ್ಸ್ ಟು ಆಂಟಿ’. ಬಾಯಿಂದ ಹೊರಟ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಕೊಡುವಾಗಲೂ ಸಾಮಾನ್ಯವಾಗಿ ‘ಸೇ’ಯೇ ಬರುತ್ತದೆ.

ಬರಹಕ್ಕೂ ‘ಸೇ’ ಹೊಂದುತ್ತದೆ. ‘ಬೋರ್ಡಿನಲ್ಲಿ ಪಾರ್ಕಿಂಗ್ ಇಲ್ಲ ಅಂತ ಬರೆದಿದೆ’ ಅನ್ನುವುದಕ್ಕೆ ನಾವು ‘ಇನ್ ದ ಬೋರ್ಡ್ ಇಟ್ ಈಸ್ ರಿಟನ್’ ಅಂತ ಒದ್ದಾಡುತ್ತೇವೆ. ‘ದ ಬೋರ್ಡ್ ಸೆಜ್ ನೋ ಪಾರ್ಕಿಂಗ್’ ಅಂದರೆ ಮುಗಿಯಿತು. ಕಾಗದ, ಪೇಪರ್, ಗಡಿಯಾರ ಎಲ್ಲವೂ ಇಂಗ್ಲಿಷ್‌ನಲ್ಲಿ ಹೀಗೆ ‘ಸೇ’ ಮಾಡುತ್ತವೆ.

‘ಟೆಲ್’ಗೆ ಇನ್ನೊಂದು ಮುಖವಿದೆ. ‘ಐ ಕಾಂಟ್ ಟೆಲ್’ ಅಂದರೆ ‘ಹೇಳಲ್ಲ’ ಅಂತ ಅಲ್ಲ, ‘ನನಗೆ ಗೊತ್ತಾಗ್ತಿಲ್ಲ’ ಅಂತ. ಅವಳಿ ಮಕ್ಕಳನ್ನು ಗುರುತಿಸಲು ಆಗದಿದ್ದರೆ ‘ಐ ಕಾಂಟ್ ಟೆಲ್ ದೆಮ್ ಅಪಾರ್ಟ್’. ಇದನ್ನು ಕೇಳಿ, ಅವರು ಗುಟ್ಟು ಮುಚ್ಚಿಡುತ್ತಿದ್ದಾರೆ ಅಂತ ತಿಳಿಯಬೇಡಿ.

‘ಸ್ಪೀಕ್’, ‘ಟಾಕ್’ ವಿಷಯದಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ. ಭಾಷೆಗೆ ‘ಸ್ಪೀಕ್’ ಮಾತ್ರ: ‘ಐ ಸ್ಪೀಕ್ ಕನ್ನಡ ಅಂಡ್ ತುಳು.’ ‘ಟಾಕ್ ಕನ್ನಡ’ ತಪ್ಪು. ಸಭೆ, ಭಾಷಣ, ಫೋನಿನಲ್ಲಿ ಇಂಥವರು ಬೇಕು ಅನ್ನುವ ಮಾತು, ಇಂಥ ಕಡೆ ‘ಸ್ಪೀಕ್’. ಹರಟೆ, ಇಬ್ಬರ ಮಾತುಕತೆಗೆ ‘ಟಾಕ್’. ಉಳಿದ ಕಡೆ ಯಾವುದು ಹಾಕಿದರೂ ನಡೆಯುತ್ತದೆ. ಎರಡಕ್ಕೂ ಮನುಷ್ಯನ ಮುಂದೆ ‘ಟು’ ಅಥವಾ ‘ವಿತ್’ ಬೇಕು, ಅಷ್ಟು ಮರೆಯದಿದ್ದರೆ ಆಯಿತು.

## ಹಂತ 6: ನೆಂಟರಿಷ್ಟರು

‘ಟೆಲ್’ ಬೇಸರವಾಗಿ ಇನ್ನೊಂದು ಪದ ಹಾಕಿದಾಗ, ‘ಟೆಲ್ ಮಿ’ ಅಚ್ಚಿನಲ್ಲೇ ಅದನ್ನೂ ಎರಕ ಹೊಯ್ಯುತ್ತೇವೆ. ‘ಎಕ್ಸ್‌ಪ್ಲೇನ್ ಮಿ ದ ಪ್ರಾಬ್ಲಂ’ ಹುಟ್ಟುವುದು ಹೀಗೆ.

‘ಎಕ್ಸ್‌ಪ್ಲೇನ್’, ‘ಸಜೆಸ್ಟ್’, ‘ಮೆನ್ಷನ್’, ‘ಡಿಸ್ಕ್ರೈಬ್’, ‘ಅನೌನ್ಸ್’ ಇವೆಲ್ಲ ‘ಸೇ’ ಕಡೆಯವರು. ವಿಷಯ ಮೊದಲು, ಆಮೇಲೆ ‘ಟು’ ಹಾಕಿ ಮನುಷ್ಯ: ‘ಎಕ್ಸ್‌ಪ್ಲೇನ್ ದ ಪ್ರಾಬ್ಲಂ ಟು ಮಿ.’ ‘ಸಜೆಸ್ಟ್ ಮಿ ಎ ಗುಡ್ ಹೋಟೆಲ್’ ನಮ್ಮಲ್ಲಿ ಎಷ್ಟು ಓಡಾಡುತ್ತದೆ ಅಂದರೆ ಅದೇ ಸರಿ ಅನ್ನಿಸಿಬಿಟ್ಟಿದೆ. ‘ಕ್ಯಾನ್ ಯು ಸಜೆಸ್ಟ್ ಎ ಗುಡ್ ಹೋಟೆಲ್?’ ಅಂತ ‘ಮಿ’ ಬಿಟ್ಟೇ ಕೇಳಿ.

‘ಇನ್‌ಫಾರ್ಮ್’, ‘ರಿಮೈಂಡ್’, ‘ವಾರ್ನ್’, ‘ಅಶ್ಯೂರ್’ ಇವು ‘ಟೆಲ್’ ಕಡೆಯವರು. ಮನುಷ್ಯ ನೇರವಾಗಿ ಪಕ್ಕಕ್ಕೆ. ‘ಇನ್‌ಫಾರ್ಮ್ ಟು ದ ಆಫೀಸ್’ ಅಲ್ಲ, ‘ಇನ್‌ಫಾರ್ಮ್ ದ ಆಫೀಸ್’.

‘ಡಿಸ್ಕಸ್’ ಮಾತ್ರ ಒಂಟಿ. ‘ಬಗ್ಗೆ ಚರ್ಚೆ’ ಅನ್ನುವ ಅಭ್ಯಾಸದಿಂದ ‘ಡಿಸ್ಕಸ್ ಅಬೌಟ್’ ಬರುತ್ತದೆ. ‘ಅಬೌಟ್’ ತೆಗೆಯಿರಿ: ‘ವಿ ಡಿಸ್ಕಸ್ಡ್ ದ ಬಜೆಟ್.’

ಹೊಸ ಪದ ಸಿಕ್ಕಿ ಯಾವ ಕಡೆಯದು ಅಂತ ಗೊತ್ತಾಗದಿದ್ದರೆ ನಿಘಂಟಿನಲ್ಲಿ ‘ಎಸ್‌ಬಿ’ ಅಥವಾ ‘ಸಮ್‌ಬಡಿ’ ಎಲ್ಲಿದೆ ನೋಡಿ. ಅದರ ಮುಂದೆ ‘ಟು’ ಇದ್ದರೆ ‘ಸೇ’ ಕಡೆ, ಇಲ್ಲದಿದ್ದರೆ ‘ಟೆಲ್’ ಕಡೆ.

## ಹಂತ 7: ಬಾಯಿಗೆ ಬರುವಾಗ

‘ಸೆಡ್’ ಅನ್ನಿ, ‘ಸೇಡ್’ ಅನ್ನಬೇಡಿ. ನಮ್ಮ ‘ಸೇಡು’ ಬೇರೆ. ‘ಸೆಜ್’ ಅನ್ನಿ, ‘ಸೇಸ್’ ಅಲ್ಲ. ‘ಟಾಕ್’ನಲ್ಲಿ ‘ಲ್’ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ‘ಡಿಡ್’ ಬಂದ ಮೇಲೆ ‘ಟೋಲ್ಡ್’ ಬರುವುದಿಲ್ಲ: ‘ಡಿಡ್ ಹಿ ಟೆಲ್ ಯು?’

## ಹಂತ 8: ಹಳೆಯ ಮೇಲ್ ತೆಗೆದು ಹುಡುಕಿ

ಕಳಿಸಿದ ಮೇಲ್‌ಗಳಲ್ಲಿ ‘ಟೋಲ್ಡ್’ ಅಂತ ಹುಡುಕಿ. ಸಿಕ್ಕಿದ ಪ್ರತಿಯೊಂದರ ಬಲಗಡೆ ನೋಡಿ. ‘ದಟ್’ ಇದೆಯಾ? ಎಡಗಡೆ ‘ವಾಸ್’, ‘ವರ್’, ‘ಬೀನ್’ ಥರದ ಪದ ಇಲ್ಲದಿದ್ದರೆ ತಪ್ಪು. ‘ಟು’ ಆಗಿ ಮನುಷ್ಯ ಇದ್ದಾನಾ, ನಡುವೆ ವಿಷಯವಿಲ್ಲವಾ? ತಪ್ಪು. ಆಮೇಲೆ ‘ಸೆಡ್’ ಹುಡುಕಿ. ಪಕ್ಕದಲ್ಲೇ ‘ಮಿ’, ‘ಹಿಮ್’, ‘ದೆಮ್’ ಇದ್ದರೆ ತಪ್ಪು. ‘ಅಬೌಟ್’ ನೇರವಾಗಿ ಬಂದಿದ್ದರೂ ಅನುಮಾನ ಪಡಿ. ‘ಹಿ ಸೆಡ್ ಅಬೌಟ್ ಹಿಸ್ ಜಾಬ್’ ಸರಿಯಲ್ಲ, ‘ಹಿ ಟೋಲ್ಡ್ ಮಿ ಅಬೌಟ್ ಹಿಸ್ ಜಾಬ್’ ಸರಿ. ಕೊನೆಗೆ ‘ಎಕ್ಸ್‌ಪ್ಲೇನ್ ಮಿ’, ‘ಸಜೆಸ್ಟ್ ಮಿ’, ‘ಡಿಸ್ಕಸ್ ಅಬೌಟ್’.

ತಪ್ಪಿದ್ದ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದಿ ಬಿಡಬೇಡಿ. ಪೂರ್ತಿಯಾಗಿ ಮತ್ತೆ ಬರೆದು, ಒಮ್ಮೆ ಜೋರಾಗಿ ಓದಿ. ನಿಮ್ಮದೇ ವಾಕ್ಯವಾದ್ದರಿಂದ ಮುಂದಿನ ಸಲ ಅಂಥದ್ದೇ ಮೇಲ್ ಬರೆಯುವಾಗ ಅದೇ ನೆನಪಿಗೆ ಬರುತ್ತದೆ. ಪುಸ್ತಕದ ಉದಾಹರಣೆ ಹಾಗೆ ಬರುವುದಿಲ್ಲ.

ಗೆಳೆಯರ ಗುಂಪಿನಲ್ಲಿ ‘ಐ ಟೋಲ್ಡ್ ನೋ!’ ಅಂದಿದ್ದು ಸಿಕ್ಕಿದರೆ ಅದನ್ನು ಬಿಟ್ಟುಬಿಡಿ. ಅದು ‘ಹೇಳಿದ್ನಲ್ಲ!’ ಅನ್ನುವುದರ ಬೆಂಗಳೂರು ರೂಪ, ಅಲ್ಲಿ ಅದಕ್ಕೆ ಅದರದೇ ರುಚಿ ಇದೆ. ಇಂಟರ್‌ವ್ಯೂನಲ್ಲಿ, ಗ್ರಾಹಕರ ಮುಂದೆ ಮಾತ್ರ ‘ಆಸ್ ಐ ಟೋಲ್ಡ್ ಯು’ ಅಥವಾ ‘ಆಸ್ ಐ ಸೆಡ್’ ಅನ್ನಿ.